ಕ್ರಿಯಾಪದ ಕೊನೆಗೆ ಬರುವವರು

ಬಳಕೆದಾರನೇ ಕೇಂದ್ರ, ಅವನು ಹೇಳಿದಂತೆ ತಿದ್ದುತ್ತೇವೆ ಎಂದು ಬ್ರೌಸರ್ ತಯಾರಕರು ಹೇಳುವಾಗಲೆಲ್ಲ ನಮ್ಮಲ್ಲೊಂದು ಸಂದೇಹ ಏಳುತ್ತದೆ: ಆ ಬಳಕೆದಾರ ಯಾವ ಭಾಷೆಯವನು?

2008ರ ಆಗಸ್ಟ್‌ನಲ್ಲಿ ಮೊಜಿಲ್ಲಾ ಲ್ಯಾಬ್ಸ್ 'ಯುಬಿಕ್ವಿಟಿ' ಎಂಬ ಪ್ರಾಯೋಗಿಕ ಸಲಕರಣೆಯನ್ನು ಫೈರ್‌ಫಾಕ್ಸ್ ಬಳಸುವವರ ಮುಂದಿಟ್ಟಿತು. ಅದರ ಹಿಂದಿದ್ದ ಪ್ರಮುಖರು ಏಜಾ ರಾಸ್ಕಿನ್. ಆಪಲ್‌ನಲ್ಲಿ ಮ್ಯಾಕಿಂಟಾಶ್ ಯೋಜನೆಯನ್ನು ಆರಂಭಿಸಿದ ಜೆಫ್ ರಾಸ್ಕಿನ್ ಅವರ ಮಗ. ಮೆನುಗಳಲ್ಲಿ ತಡಕಾಡುವ ಬದಲು ಬೇಕಾದುದನ್ನು ಸಾದಾ ಮಾತಿನಲ್ಲಿ ಟೈಪಿಸಿದರೆ ಸಾಕು: ಇದನ್ನು ಅನುವಾದಿಸು, ಈ ವಿಳಾಸದ ನಕ್ಷೆ ತೋರಿಸು. ಹೊಸ ಆಜ್ಞೆಗಳನ್ನು ಬಳಕೆದಾರರೇ ಬರೆದು ಹಂಚಿಕೊಳ್ಳಬಹುದಿತ್ತು. ಅಂಥ ಔದಾರ್ಯವನ್ನು ನಾವು ಆಮೇಲೆ ಹೆಚ್ಚು ಕಂಡಿಲ್ಲ.

ಆದರೆ ಆ ಸಾದಾ ಮಾತು ಇಂಗ್ಲಿಷಿನದು. ಇಂಗ್ಲಿಷಿನ ಆಜ್ಞೆಯಲ್ಲಿ ಕ್ರಿಯಾಪದ ಮೊದಲು. ಅದು ಬೀಳುತ್ತಲೇ ಮುಂದೇನು ಬರಬೇಕೆಂದು ಯಂತ್ರ ಊಹಿಸತೊಡಗುತ್ತದೆ. ನಾವೋ 'ನಾಳೆ ಮೈಸೂರಿಗೆ ರೈಲು ಹುಡುಕು' ಎನ್ನುವವರು. ಹುಡುಕಬೇಕೋ, ಕಾಯ್ದಿರಿಸಬೇಕೋ ಎಂಬುದು ಕೊನೆಯ ಪದದವರೆಗೂ ತಿಳಿಯದು. ಸಾಲದ್ದಕ್ಕೆ ವಿಭಕ್ತಿ ಪ್ರತ್ಯಯ: ಇಂಗ್ಲಿಷಿನಲ್ಲಿ ಬಿಡಿಯಾಗಿ ನಿಲ್ಲುವ ಪುಟ್ಟ ಪದ ನಮ್ಮಲ್ಲಿ ನಾಮಪದಕ್ಕೇ ಅಂಟುತ್ತದೆ, ಅಂಟುವಾಗ 'ಮೈಸೂರು' ತನ್ನ ಉಕಾರವನ್ನೂ ಕಳೆದುಕೊಳ್ಳುತ್ತದೆ. ಶಾಲೆಯಲ್ಲಿ ಬಾಯಿಪಾಠ ಮಾಡಿ ಮರೆತ ಲೋಪಸಂಧಿ ಇಲ್ಲಿ ತಂತ್ರಜ್ಞಾನದ ಸಮಸ್ಯೆಯಾಗಿ ಎದುರಾಗುತ್ತದೆ.

ಆ ತಂಡ ಈ ತೊಡಕನ್ನು ಅರಿತಿತ್ತೆಂಬುದನ್ನು ಒಪ್ಪಲೇಬೇಕು. ಜಪಾನೀ ಭಾಷೆಯಂತೆ ಕ್ರಿಯಾಪದವನ್ನು ಕೊನೆಗಿಡುವ ಭಾಷೆಗಳಿಗೂ ಹೊಂದುವ ವಾಕ್ಯವಿಶ್ಲೇಷಕವನ್ನು 2009ರಲ್ಲಿ ಕಟ್ಟತೊಡಗಿತು. ಕನ್ನಡಕ್ಕೂ ಅದೇ ದಾರಿಯಾಗಬಹುದಿತ್ತು. ಅಷ್ಟರಲ್ಲಿ ಯೋಜನೆಯೇ ನಿಂತುಹೋಯಿತು.

ಪ್ರಯೋಗಗಳು ನಿಲ್ಲುವುದು ಸಹಜ. ನಮ್ಮ ತಕರಾರು ತಲೆ ಎಣಿಸಿ ನಿಲ್ಲಿಸುವುದರ ಬಗ್ಗೆ. ಟ್ಯಾಬ್‌ಗಳನ್ನು ಗುಂಪುಗೂಡಿಸುವ, ರಾಸ್ಕಿನ್ ಅವರದೇ ಕಲ್ಪನೆಯಾದ 'ಪನೋರಮಾ' 2011ರಲ್ಲಿ ಫೈರ್‌ಫಾಕ್ಸ್ 4ರೊಂದಿಗೆ ಬಂತು. ಬಳಸುವವರು ತೀರ ಕಡಿಮೆಯೆಂದು 2016ರಲ್ಲಿ ಅದನ್ನು ತೆಗೆದರು. ಟ್ಯಾಬ್ ಗುಂಪು ಬೇಕೆಂಬ ಬೇಡಿಕೆ ಮಾತ್ರ ನಿಲ್ಲಲಿಲ್ಲ. 2025ರಲ್ಲಿ ಬೇರೆ ರೂಪದಲ್ಲಿ ಅದನ್ನು ಮರಳಿ ತಂದರು. ಇಂಗ್ಲಿಷ್ ಬಳಕೆದಾರರ ಎಣಿಕೆಯೇ ಹೀಗೆ ದಾರಿ ತಪ್ಪಿಸುವುದಾದರೆ ಕನ್ನಡದ ಗತಿಯೇನು? ಪ್ರಯೋಗ ಕನ್ನಡದಲ್ಲಿಲ್ಲ, ಆದ್ದರಿಂದ ಕನ್ನಡದ ಬಳಕೆದಾರರಿಲ್ಲ. ಬಳಕೆದಾರರಿಲ್ಲ, ಆದ್ದರಿಂದ ಕನ್ನಡದಲ್ಲಿ ಪ್ರಯೋಗ ಬೇಕಿಲ್ಲ.

ಫೈರ್‌ಫಾಕ್ಸ್‌ನ ಮೆನುಗಳು ಕನ್ನಡದಲ್ಲಿವೆ, ಅದು ಸ್ವಯಂಸೇವಕರ ಶ್ರಮದ ಫಲ. ಅವರ ಬಗ್ಗೆ ನಮಗೆ ಗೌರವವಿದೆ. ಆದರೂ ಅದು ಮನೆ ಕಟ್ಟಿ ಮುಗಿದ ಮೇಲೆ ಬಾಗಿಲಿಗೆ ತೂಗುಹಾಕಿದ ಕನ್ನಡದ ನಾಮಫಲಕ. ನೆಲದ ನಕ್ಷೆ ಹಾಕುವಾಗ ನಮ್ಮನ್ನು ಯಾರೂ ಕೇಳಿರಲಿಲ್ಲ.

ಪುಣೆಯಲ್ಲೋ ದೆಹಲಿಯಲ್ಲೋ ಇರುವ ನಮಗೆ ಇಂಗ್ಲಿಷ್ ಸಾಲದೇ ಎಂದು ನಮ್ಮವರೇ ಕೇಳಿಯಾರು. ನಮಗೆ ಸಾಕು, ನಿಜ. ನಮ್ಮಲ್ಲಿ ಹೆಚ್ಚಿನವರು ಬ್ರೌಸರನ್ನು ಇಂಗ್ಲಿಷಿನಲ್ಲೇ ಇಟ್ಟುಕೊಂಡಿದ್ದೇವೆ. ಊರು ಬಿಟ್ಟು ಬಂದು ನಮ್ಮೊಡನಿರುವ ತಾಯಂದಿರಿಗೆ ಸಾಲದು.

2025ರಲ್ಲಿ ಬಂದ ಕಾಮೆಟ್, ಅಟ್ಲಾಸ್‌ಗಳಂಥ ಬ್ರೌಸರ್‌ಗಳು ಯುಬಿಕ್ವಿಟಿಯ ಕನಸನ್ನೇ ಮುಂದುವರಿಸಿವೆ: ಹೇಳಿದ ಕೆಲಸವನ್ನು ತಾವೇ ಮಾಡಿಕೊಡುತ್ತೇವೆ ಎನ್ನುತ್ತಿವೆ. ಟೈಪಿಸಿದ ವಾಕ್ಯವನ್ನು ಅವು ಪೂರ್ತಿ ಓದಬಲ್ಲವು. ಮಾತಿನಲ್ಲಿ ಹೇಳಿದಾಗಲೂ ಪೂರ್ತಿ ಕೇಳುತ್ತವೆಯೇ? ನಮ್ಮ ಭಾಷೆಯಲ್ಲಿ ಕ್ರಿಯೆಯಷ್ಟೇ ಅಲ್ಲ, ನಿಷೇಧವೂ ಕೊನೆಗೆ. ಪರೀಕ್ಷಾ ಆವೃತ್ತಿ ಬಂದಾಗಲೇ ನಾವು ಅದನ್ನು ತೆರೆದು, ನಡುವೆ ಉಸಿರು ತೆಗೆದುಕೊಳ್ಳುವ ವಯಸ್ಸಾದ ದನಿಯಲ್ಲಿ ಹೇಳಿಸಿ ನೋಡಬೇಕಾದ ವಾಕ್ಯವೊಂದಿದೆ: 'ಮೈಸೂರಿನ ಟಿಕೆಟ್ಟು ರದ್ದು... ಮಾಡಬೇಡಪ್ಪ.' ಏನಾಯಿತೆಂಬುದನ್ನು ತಯಾರಕರಿಗೆ ಅಂದೇ ಬರೆದು ತಿಳಿಸೋಣ.