ದುಡಿಮೆ ಆ ಕಡೆ, ಮನೆ ಈ ಕಡೆ. ತೆರಿಗೆ ಯಾರ ಕಡೆ?

ಬೆಳಿಗ್ಗೆ ಹೊಸೂರು ಬಸ್ ನಿಲ್ದಾಣದಲ್ಲಿ ಒಂದರ್ಧ ಗಂಟೆ ನಿಂತು ನೋಡಿ. ಊಟದ ಡಬ್ಬಿ ಹಿಡಿದ ನಮ್ಮ ಹುಡುಗರು ಅತ್ತಿಬೆಲೆ, ಬೊಮ್ಮಸಂದ್ರದ ಕಡೆ ಹೊರಟಿರುತ್ತಾರೆ. ಅದೇ ಹೊತ್ತಿಗೆ ಬೆಂಗಳೂರಿನ ಕಂಪನಿ ಬಸ್ಸುಗಳು ಜೂಜುವಾಡಿ ದಾಟಿ ಸಿಪ್‌ಕಾಟ್ ಕಡೆ ಬರುತ್ತವೆ. ಗಡಿಯೇ ಇಲ್ಲವೇನೋ ಅನ್ನಿಸುತ್ತದೆ. ಆದರೆ ಸಂಬಳದ ಚೀಟಿಯಲ್ಲಿ ಗಡಿ ಇದೆ.

ಬೊಮ್ಮಸಂದ್ರದಲ್ಲಿ 25 ಸಾವಿರ ರೂಪಾಯಿ ಸಂಬಳ ಮುಟ್ಟಿದವನಿಗೆ ವೃತ್ತಿ ತೆರಿಗೆ ಅಂತ ತಿಂಗಳಿಗೆ 200 ರೂಪಾಯಿ ಹಿಡಿಯುತ್ತಾರೆ. ಅದು ಕರ್ನಾಟಕ ಸರ್ಕಾರದ ಬೊಕ್ಕಸಕ್ಕೆ ಹೋಗುತ್ತದೆ. ತಮಿಳುನಾಡಿನಲ್ಲಿ ಇದೇ 'ತೊಳಿಲ್ ವರಿ'. ಇಲ್ಲಿ ಅದು ರಾಜ್ಯಕ್ಕಲ್ಲ, ಕಾರ್ಖಾನೆ ಇರುವ ಊರಿನ ನಗರಪಾಲಿಕೆಗೋ ಪಂಚಾಯಿತಿಗೋ ಸೇರುತ್ತದೆ. ಸಂವಿಧಾನದ ಪ್ರಕಾರ ವರ್ಷಕ್ಕೆ ತಲಾ 2,500 ರೂಪಾಯಿ ಮೀರುವಂತಿಲ್ಲ, ನಿಜ. ಸಣ್ಣ ಮೊತ್ತವೇ. ಆದರೆ ಅತ್ತಿಬೆಲೆ ಆಚೆ ದುಡಿಯುವವನ ಮನೆಗೆ ನೀರು ಬಿಡುವುದು, ಚರಂಡಿ ಬಳಿಯುವುದು, ಬೀದಿ ದೀಪ ಹಾಕುವುದು ಹೊಸೂರು. ಅವನ ವೃತ್ತಿ ತೆರಿಗೆಯಲ್ಲಿ ಹೊಸೂರಿಗೆ ಬಿಡಿಗಾಸೂ ಇಲ್ಲ. ತಳಿಯಿಂದ ಸಿಪ್‌ಕಾಟ್‌ಗೆ ಬರುವವನ ಕಥೆಯೂ ಅಷ್ಟೇ. ಹಣ ಕಾರ್ಖಾನೆಯ ಊರಿಗೆ, ಖರ್ಚು ಮನೆಯ ಊರಿಗೆ.

ಇದನ್ನೇ ದೊಡ್ಡದು ಮಾಡಿದರೆ ಜಿಎಸ್‌ಟಿ. 2017ರ ಜುಲೈ 1ಕ್ಕೆ ಮೊದಲು ಇಲ್ಲಿನ ವಾಹನ ಹೊರ ರಾಜ್ಯದಲ್ಲಿ ಮಾರಾಟವಾದರೂ ಕೇಂದ್ರೀಯ ಮಾರಾಟ ತೆರಿಗೆ ತಯಾರಿಸಿದ ರಾಜ್ಯಕ್ಕೇ ಸಿಗುತ್ತಿತ್ತು. ಈಗ ಹೊಸೂರಿನಲ್ಲಿ ತಯಾರಾದ ಬೈಕನ್ನು ಪಟ್ನಾದಲ್ಲಿ ಕೊಂಡರೆ ರಾಜ್ಯದ ಪಾಲು ಬಿಹಾರಕ್ಕೆ. ಐದು ವರ್ಷ ಕೇಂದ್ರ ನಷ್ಟ ಪರಿಹಾರ ಕೊಟ್ಟಿತು. 2022ರ ಜೂನ್ 30ಕ್ಕೆ ಅದೂ ಮುಗಿಯಿತು.

ಇನ್ನು ಹಣಕಾಸು ಆಯೋಗ. ಕರ್ನಾಟಕದ ಪಾಲು 14ನೇ ಆಯೋಗದಲ್ಲಿ ಶೇ 4.713 ಇದ್ದದ್ದು 15ನೆಯದರಲ್ಲಿ 3.647ಕ್ಕೆ ಕುಸಿಯಿತು. 16ನೇ ಆಯೋಗ ದೇಶದ ಉತ್ಪನ್ನಕ್ಕೆ ರಾಜ್ಯದ ಕೊಡುಗೆಯನ್ನೂ ಲೆಕ್ಕಕ್ಕೆ ತಗೊಂಡ ಮೇಲೆ 4.13ರ ಆಸುಪಾಸಿಗೆ ಬಂತು. ತಮಿಳುನಾಡು ನಾಲ್ಕು ಚಿಲ್ಲರೆಯಲ್ಲೇ ನಿಂತಿದೆ. 'ನಮ್ಮ ದುಡ್ಡು ಬೇರೆಯವರ ಪಾಲು' ಎಂಬ ಕೂಗು ಬೆಂಗಳೂರಿನಲ್ಲೂ ಇದೆ, ಚೆನ್ನೈನಲ್ಲೂ ಇದೆ. ಎರಡೂ ಕಡೆ ನೆಂಟರಿರುವ ನಮಗೆ ಎರಡೂ ಕೇಳಿಸುತ್ತದೆ.

ಕೂಗಿನಲ್ಲಿ ಸತ್ಯ ಇಲ್ಲವೆಂದಲ್ಲ. ಆದರೆ ಹೊಸೂರಿನವರು ಆ ಮಾತನ್ನು ಸ್ವಲ್ಪ ಯೋಚಿಸಿ ಆಡಬೇಕು. ಈ ಊರು ಬೆಳೆದದ್ದೇ ಹಂಚಿಕೆಯ ಹಣದಿಂದ. 2004ರ ತನಕ ನಾವು ಧರ್ಮಪುರಿ ಜಿಲ್ಲೆ. ಧರ್ಮಪುರಿ ಅಂದರೆ ಹಿಂದುಳಿದದ್ದು ಅಂತಲೇ ಲೆಕ್ಕ. ಎಪ್ಪತ್ತರ ದಶಕದಲ್ಲಿ ಸಿಪ್‌ಕಾಟ್ ಇಲ್ಲಿ ಜಮೀನು, ರಸ್ತೆ, ನೀರು ಒದಗಿಸಿದ್ದಕ್ಕೆ ಕಾರ್ಖಾನೆಗಳು ಬಂದವು. 1980ರಲ್ಲಿ ಅಶೋಕ್ ಲೇಲ್ಯಾಂಡ್ ಬಂತು. ಟೈಟಾನ್ ಕಂಪನಿ ಹುಟ್ಟಿದ್ದೇ ಟಾಟಾದವರೂ ತಮಿಳುನಾಡು ಸರ್ಕಾರದ ಟಿಡ್ಕೋ ಸಂಸ್ಥೆಯೂ ಸೇರಿ. ಬೆಂಗಳೂರು ಪಕ್ಕದಲ್ಲಿತ್ತು, ಅದೂ ನೆರವಾಯಿತು. ಆದರೆ ಬೆಂಗಳೂರಿಗೆ ಅಷ್ಟೇ ಹತ್ತಿರದ ಊರುಗಳು ಬೇರೆ ದಿಕ್ಕಿನಲ್ಲೂ ಇದ್ದವಲ್ಲ! ಚೆನ್ನೈ, ಕೊಯಮತ್ತೂರಿನವರು ಕಟ್ಟಿದ ತೆರಿಗೆ ಇಲ್ಲಿ ರಸ್ತೆಯಾಯಿತು. ಅವರು ಆಗ 'ನಮ್ಮ ದುಡ್ಡು' ಅಂದಿದ್ದರೆ? ಇನ್ನೊಂದು ಮಾತು: ಬಿಹಾರದವನ ಕೈಯಲ್ಲಿ ನಾಲ್ಕು ಕಾಸು ಓಡಾಡಿದರೇ ಇಲ್ಲಿನ ಬೈಕು ಅಲ್ಲಿ ಖರ್ಚಾಗುವುದು.

ನನ್ನ ತಕರಾರು ಬೇರೆ. ದೆಹಲಿಯ ಸೂತ್ರಕ್ಕೆ ಇಡೀ ತಮಿಳುನಾಡು ಒಂದೇ ಅಂಕಿ. ರಾಜ್ಯದ ತಲಾದಾಯ ಜಾಸ್ತಿ, ಆದ್ದರಿಂದ ಪಾಲು ಕಡಿಮೆ. ಅಂಚೆಟ್ಟಿ ಬೆಟ್ಟದ ಹಳ್ಳಿಯವನೂ ಆ ಲೆಕ್ಕದಲ್ಲಿ ಚೆನ್ನೈ ಸಾಹುಕಾರನ ಜೊತೆ ಕೂತಿದ್ದಾನೆ. ಅದನ್ನು ಸರಿಪಡಿಸಬೇಕಾದದ್ದು ಚೆನ್ನೈ. 2017-22ರ ಅವಧಿಗೆ ರಾಜ್ಯ ಹಣಕಾಸು ಆಯೋಗ ಸ್ವಂತ ತೆರಿಗೆಯಲ್ಲಿ ನೂರಕ್ಕೆ 10 ಭಾಗ ಸ್ಥಳೀಯ ಸಂಸ್ಥೆಗಳಿಗೆ ಅಂದಿತ್ತು. ಸರಿ. ಆದರೆ ಪಂಚಾಯಿತಿಗೆ ಕೇಂದ್ರದ ಅನುದಾನ ಬರಬೇಕಾದರೆ ಚುನಾಯಿತ ಮಂಡಳಿ ಇರಬೇಕು. 2016ರ ಅಕ್ಟೋಬರ್‌ನಿಂದ 2019ರ ಕೊನೆಯವರೆಗೆ ಗ್ರಾಮ ಪಂಚಾಯಿತಿಗಳಿಗೆ ಚುನಾವಣೆಯೇ ಇರಲಿಲ್ಲ, ಅನುದಾನ ತಡೆದರು. ಹೊಸೂರು 2019ರಲ್ಲಿ ನಗರಪಾಲಿಕೆಯಾಯಿತು, ಆಯ್ಕೆಯಾದ ಸದಸ್ಯರು ಬಂದದ್ದು 2022ರಲ್ಲಿ. 2025ರ ಜನವರಿ 5ಕ್ಕೆ ನಮ್ಮ ಪಂಚಾಯಿತಿಗಳ ಅವಧಿ ಮುಗಿದು, ಆಡಳಿತ ಮತ್ತೆ ವಿಶೇಷಾಧಿಕಾರಿಗಳ ಕೈಗೆ ಹೋಯಿತು. ದೆಹಲಿ ಕೊಡಲಿಲ್ಲ ಅಂತ ಭಾಷಣ ಮಾಡುವವರು, ದೆಹಲಿ ಕೊಡುವುದನ್ನು ಕೈಯಾರೆ ಕಳೆಯುವುದು ಯಾವ ನ್ಯಾಯ?

ಕೆಲಮಂಗಲ, ತಳಿ, ದೇನ್ಕಣಿಕೋಟೆ ಕಡೆಯ ನಮ್ಮ ಜನಕ್ಕೆ ಇದು ಪುಸ್ತಕದ ಅರ್ಥಶಾಸ್ತ್ರವಲ್ಲ. ಹಳ್ಳಿಯಲ್ಲಿ ರಸ್ತೆ, ಬಸ್ಸು ಸರಿಯಿಲ್ಲದಿದ್ದರೆ ಹುಡುಗರು ಹೊಸೂರಲ್ಲಿ ಬಾಡಿಗೆ ಕೋಣೆ ಹಿಡಿಯುತ್ತಾರೆ, ಸಂಬಳದ ದೊಡ್ಡ ಪಾಲು ಅಲ್ಲೇ ಕರಗುತ್ತದೆ, ರಾಗಿ ಹೊಲ ಬೀಳು ಬೀಳುತ್ತದೆ.

ಗಡಿ ಆಚೆ ಹೋದ 200 ರೂಪಾಯಿ ತರಲು ಎರಡು ಸರ್ಕಾರಗಳು ಮಾತಾಡಬೇಕು. ಕಾವೇರಿ ನೋಡಿದವರಿಗೆ ಅದರ ಕಷ್ಟ ಗೊತ್ತು. ಆದರೆ ಸಿಪ್‌ಕಾಟ್‌ನ ತೊಳಿಲ್ ವರಿಯಲ್ಲಿ ಒಂದು ಪಾಲು ಕೆಲಸಗಾರನ ಮನೆಯಿರುವ ಪಂಚಾಯಿತಿಗೆ ಹೋಗಲಿ ಅನ್ನುವುದಕ್ಕೆ ದೆಹಲಿಯ ಅಪ್ಪಣೆ ಬೇಕಿಲ್ಲ. ಚೆನ್ನೈ ಮನಸ್ಸು ಮಾಡಿದರೆ ಸಾಕು. ಆಗಸ್ಟ್ 15, ಅಕ್ಟೋಬರ್ 2ರ ಗ್ರಾಮಸಭೆಗಳಲ್ಲಿ ಇದನ್ನು ಠರಾವಿಗೆ ಹಾಕಿ ಅಂತ ನಮ್ಮವರು ಕೇಳಲಿ.