ನೊರೆನೀರಿನಲ್ಲಿ ಹೊಣೆ ಯಾರದು?

ಉತ್ತರ ಕನ್ನಡ ಜಿಲ್ಲೆಯ ಗಣೇಶಗುಡಿಯಲ್ಲಿ, ಸೂಪಾ ಅಣೆಕಟ್ಟಿನ ಕೆಳಗೆ, ಕಾಳಿ ನದಿಯು ಬಂಡೆಗಳ ನಡುವೆ ನೊರೆಯಾಗಿ ಹರಿಯುತ್ತದೆ. ಗಾಳಿ ತುಂಬಿದ ರಬ್ಬರ್ ತೆಪ್ಪದಲ್ಲಿಯೂ ಕಯಾಕ್ ಎಂಬ ಕಿರುದೋಣಿಯಲ್ಲಿಯೂ ಈ ನದಿಗಿಳಿಯಲು ದೂರದೂರುಗಳಿಂದ ಜನ ಬರುತ್ತಾರೆ. ದುಡಿಯುವ ಮನುಷ್ಯನಿಗೂ ರಜೆಯ ದಿನ ಇಂಥ ಸಂತೋಷ ದೊರೆಯಬೇಕೆಂಬುದೇ ನಮ್ಮ ಮತ. ಆದರೆ ಟಿಕೇಟಿಗೆ ಹಣ ಕೊಟ್ಟವನು ಅದರ ಜೊತೆಗೆ ತನ್ನ ಪ್ರಾಣವನ್ನೂ ಒಪ್ಪಿಸಿಲ್ಲವೆಂಬುದನ್ನು ದೋಣಿಯ ಮಾಲೀಕರು ಮರೆಯಬಾರದು.

ಈಜು ಬಲ್ಲೆನೆಂಬ ಧೈರ್ಯವೊಂದೇ ಇಲ್ಲಿ ಸಾಲದು. ನೊರೆಯೆಂದರೆ ಗಾಳಿ ಬೆರೆತ ನೀರು. ಕೆರೆಯ ನೀರಿನಷ್ಟು ಅದು ದೇಹವನ್ನು ಎತ್ತಿಹಿಡಿಯದು. ಹರಿವಿನ ವೇಗ ಎರಡು ಪಟ್ಟಾದರೆ ಅದರ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಇಂಥ ನೀರನ್ನು ಅದರ ಕಷ್ಟಕ್ಕೆ ತಕ್ಕಂತೆ 1ರಿಂದ 6ರವರೆಗೆ ದರ್ಜೆ ಮಾಡಿರುವುದುಂಟು. ಆದರೆ ವಿದ್ಯುತ್ತಿಗಾಗಿ ಅಣೆಕಟ್ಟಿನಿಂದ ನೀರು ಬಿಟ್ಟಾಗ ನದಿಯ ಸ್ವರೂಪವೇ ಬದಲಾಗುತ್ತದೆ. ಆದುದರಿಂದ ಇಂದು ನೀರೆಷ್ಟು, ಯಾವ ಹೊತ್ತಿಗೆ ಬಿಡುತ್ತಾರೆ ಎಂದು ಕೇಳಿಕೊಂಡೇ ಇಳಿಯಬೇಕು.

ನೀರಿಗೆ ಬಿದ್ದವನು ರಭಸದ ಹರಿವಿನಲ್ಲಿ ಎದ್ದು ನಿಲ್ಲಲು ಹೋಗಬಾರದು. ಪಾದವು ಕಲ್ಲಿನ ಸಂದಿಗೆ ಸಿಕ್ಕಿದರೆ ಪ್ರವಾಹವು ಅವನನ್ನು ಮುಂದಕ್ಕೆ ಬಗ್ಗಿಸಿ ಮುಳುಗಿಸುತ್ತದೆ. ಮೊಣಕಾಲುದ್ದದ ನೀರೂ ಇದಕ್ಕೆ ಸಾಕು. ಅಂಗಾತ ತೇಲುತ್ತ, ಕಾಲುಗಳನ್ನು ಹರಿವಿನ ದಿಕ್ಕಿಗೆ ಚಾಚಿ, ಪಾದಗಳನ್ನು ಮೇಲೆತ್ತಿಕೊಂಡು ದಡದ ಕಡೆಗೆ ಸರಿಯಬೇಕು. ಹೊಳೆಗೆ ಬಿದ್ದ ಮರದಿಂದ ದೂರವಿರಬೇಕು. ಕೊಂಬೆಗಳ ನಡುವೆ ನೀರು ದಾಟಿಹೋಗುತ್ತದೆ, ಮನುಷ್ಯ ಸಿಕ್ಕಿಬೀಳುತ್ತಾನೆ. ಸಣ್ಣ ಒಡ್ಡಿನ ಕೆಳಗೆ ನೀರು ಹಿಂದಕ್ಕೆ ಮಗುಚಿ, ಬಿದ್ದವನನ್ನು ಅಲ್ಲಿಯೇ ಹಿಡಿದಿಡುತ್ತದೆ. ಕಯಾಕ್ ನಡೆಸುವವನು ಒಂಟಿಯಾಗಿ ಹೊರಡಬಾರದು. ಕಾಣದ ತಿರುವನ್ನು ಮೊದಲು ದಡದ ಮೇಲೆ ನಡೆದು ನೋಡಬೇಕು. ಹೆಲ್ಮೆಟ್ ತಲೆಗೆ ಹೊಂದಬೇಕು. ಲೈಫ್ ಜಾಕೆಟ್ಟಿನ ಎಲ್ಲ ಪಟ್ಟಿಗಳನ್ನೂ ಬಿಗಿದಿರಬೇಕು.

ಇಷ್ಟು ಸವಾರನ ಕರ್ತವ್ಯ. ಉಳಿದ ಹೊಣೆ ಮಾಲೀಕನದು. ಆರು ಜನರ ತೆಪ್ಪಕ್ಕೆ ಹತ್ತು ಜನರನ್ನು ತುಂಬಿದರೆ ಲಾಭ ಅವನಿಗೆ, ಅಪಾಯ ಸವಾರನಿಗೂ ಹುಟ್ಟು ಹಿಡಿದ ಕೆಲಸಗಾರನಿಗೂ. ತಿರುಗುವ ಯಂತ್ರಕ್ಕೆ ಮರೆ ಹಾಕಲೇಬೇಕೆಂದು 1948ರ ಕಾರ್ಖಾನೆ ಕಾಯಿದೆ ವಿಧಿಸಿತು. "ಎಚ್ಚರವಾಗಿರು" ಎಂದು ಕೆಲಸಗಾರನಿಗೆ ಹೇಳಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲವೆಂಬುದು ಗಿರಣಿಯಲ್ಲಿ ದುಡಿಯುವ ನಮ್ಮ ಬಂಧುಗಳಿಗೆ ಹೊಸದಾಗಿ ಹೇಳಬೇಕಾದುದಲ್ಲ. ಹೊಳೆಗೂ ಅದೇ ನ್ಯಾಯ ಸಲ್ಲಬೇಕು.

ಆದುದರಿಂದ ನಾವು ಒತ್ತಾಯಪಡಿಸುವುದಿಷ್ಟು: ಪ್ರತಿ ತೆಪ್ಪದ ಮೇಲೂ ಜನರ ಮಿತಿಯನ್ನು ಬರೆಸಬೇಕು. ಆ ದಿನದ ನೀರಿನ ಸ್ಥಿತಿಯನ್ನು ದಡದಲ್ಲಿ ಕನ್ನಡದಲ್ಲಿ ಪ್ರಕಟಿಸಬೇಕು. ತರಬೇತಿ ಪಡೆದ ನಾವಿಕನೂ, ಎಸೆಯುವ ಹಗ್ಗವೂ, ರಕ್ಷಣೆಗೆ ಜೊತೆದೋಣಿಯೂ ಇರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, "ಇಂದು ನೀರು ಸರಿಯಿಲ್ಲ" ಎಂದ ನಾವಿಕನ ಆ ದಿನದ ಕೂಲಿಯನ್ನು ಕಡಿಯಕೂಡದು. ಕೂಲಿ ಹೋಗುವ ಭಯವಿರುವವನು ನಿಜ ಹೇಳುವುದು ಕಷ್ಟ.

ನದೀತೀರದ ಹೋಟೆಲು, ಅಂಗಡಿಗಳ ವ್ಯಾಪಾರಿ ಮಿತ್ರರಲ್ಲಿಯೂ ಒಂದು ಮಾತು. ಕಮಿಷನ್ನಿನ ಆಸೆಗೆ ಎಂಥ ದೋಣಿಗಾದರೂ ಗಿರಾಕಿಯನ್ನು ಕಳಿಸಬೇಡಿ. ಒಂದು ಹೆಣ ತೇಲಿದರೆ ನಿಮ್ಮ ವ್ಯಾಪಾರವೂ ಮುಳುಗುತ್ತದೆ.