ಹೊಸ ಥ್ರಾಟಲ್ ಬಾಡಿ, ಹಳೇ ಬುದ್ಧಿ

ಈ ಕಡೆ ತಲೆ ಹಾಕಿ ತಿಂಗಳ ಮೇಲಾಯ್ತು. ಕಾರಣ? ಕಾರು!

ನನ್ನದು 2014ರ ಪೆಟ್ರೋಲ್ ಕಾರು. ಇದುವರೆಗೆ ದೊಡ್ಡ ತಕರಾರು ಮಾಡಿದ್ದಿಲ್ಲ. ಎರಡು ತಿಂಗಳ ಹಿಂದೆ ಶುರುವಾಯ್ತು ನೋಡಿ, ಸಿಗ್ನಲ್‌ನಲ್ಲಿ ನಿಂತರೆ ಸಾಕು, ಎಸಿ ಹಾಕಿದ್ದರಂತೂ ಮುಗೀತು, ಒಂದು ಸಲ ನಡುಗಿ ಆಫ್. ಒಂದು ದಿನ ಅಮ್ಮನನ್ನು ಡಾಕ್ಟರ್ ಹತ್ತಿರ ಕರ್ಕೊಂಡು ಹೋಗ್ತಾ ಹೆಬ್ಬಾಳ ಫ್ಲೈಓವರ್ ಮೇಲೇ ನಿಂತುಬಿಡ್ತು. ಹಿಂದೆ ಬಸ್ಸು, ಅದರ ಹಿಂದೆ ಲಾರಿ, ಹಾರ್ನೋ ಹಾರ್ನು. "ಬಸ್ಸಲ್ಲೇ ಹೋಗಿದ್ರೆ ಇಷ್ಟು ಹೊತ್ತಿಗೆ ವಾಪಸ್ ಬಂದಿರ್ತಿದ್ವಿ ಕಣೋ" ಅಂದರು ಅಮ್ಮ. ಅವತ್ತೇ ತೀರ್ಮಾನ ಮಾಡಿದೆ, ಇದಕ್ಕೊಂದು ಗತಿ ಕಾಣಿಸಬೇಕು ಅಂತ.

ಇಂಟರ್ನೆಟ್ಟಲ್ಲಿ ಹುಡುಕಿದೆ. ಥ್ರಾಟಲ್ ಬಾಡಿ ಹೋಗಿದೆ ಅಂತ ನಾನೇ ಡಾಕ್ಟರ್ ಆಗಿ ಚೀಟಿ ಬರೆದುಕೊಂಡೆ. ಗೊತ್ತಿಲ್ಲದವರಿಗೆ ಒಂದು ಮಾತು: ಇಂಜಿನ್ನಿಗೆ ಗಾಳಿ ಹೋಗುವ ಬಾಗಿಲು ಇದು. ಒಳಗೊಂದು ದುಂಡನೆಯ ತಟ್ಟೆ. ಮೊದಲೆಲ್ಲ ಆಕ್ಸಿಲರೇಟರ್ ಪೆಡಲ್‌ನಿಂದ ಬಂದ ವೈರು ಆ ತಟ್ಟೆಯನ್ನು ಎಳೀತಿತ್ತು. ಈಗಿನ ಕಾರುಗಳಲ್ಲಿ ಪೆಡಲ್ ಬರೀ ಸುದ್ದಿ ಮುಟ್ಟಿಸುತ್ತೆ. ಎಷ್ಟು ತೆಗೀಬೇಕು ಅಂತ ಇಸಿಯು ಅನ್ನೋ ಕಂಪ್ಯೂಟರ್ ಲೆಕ್ಕ ಹಾಕಿ, ಸಣ್ಣ ಮೋಟಾರಿನಿಂದ ತೆಗೆಸುತ್ತೆ.

ಕಂಪನಿ ಸರ್ವಿಸ್ ಸೆಂಟರಿನಲ್ಲಿ ಹದಿನೆಂಟು ಸಾವಿರ ಅಂದರು. ಜೆ.ಸಿ. ರಸ್ತೆಗೆ ಹೋದರೆ ಬೇರೆ ಕಂಪನಿಯ ಮಾಲು 5,500ಕ್ಕೆ ಸಿಕ್ತು. ಭಾನುವಾರ ನಾನೇ ಕೂತು ಹಾಕಿದೆ. ನಾಲ್ಕು ಬೋಲ್ಟು, ಒಂದು ಕನೆಕ್ಟರು, ಎರಡು ಪೈಪು. ಎಷ್ಟು ಸುಲಭ ಅಂತ ಬೀಗುತ್ತಾ ಕೀ ತಿರುಗಿಸಿದೆ... ಪೆಡಲ್ ಮುಟ್ಟದೇನೇ ಇಂಜಿನ್ 1800 ಆರ್‌ಪಿಎಂನಲ್ಲಿ ಅರಚೋಕೆ ಶುರು ಮಾಡ್ತು. ಎರಡು ನಿಮಿಷಕ್ಕೆ ಚೆಕ್ ಇಂಜಿನ್ ಲೈಟು ಬೇರೆ.

ಮಾರನೇ ದಿನ ಅಂಗಡಿಗೆ ಹೋಗಿ ನಾಲ್ಕು ಜನ ಗಿರಾಕಿಗಳ ಎದುರು ಕೂಗಾಡಿದೆ. ಡೂಪ್ಲಿಕೇಟ್ ಮಾಲು ಕೊಟ್ಟಿದೀರಿ, ದುಡ್ಡು ವಾಪಸ್ ಕೊಡಿ ಅಂತೆಲ್ಲ. ಅಂಗಡಿಯವರು ವಯಸ್ಸಾದವರು. ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಕೇಳಿದರು.

"ಕಲಿಸಿದ್ರಾ ಸಾರ್ ಅದಕ್ಕೆ?"

ಕಬ್ಬಿಣಕ್ಕೆ ಏನ್ರೀ ಕಲಿಸೋದು, ತಪ್ಪಿಸಿಕೊಳ್ಳೋಕೆ ಹೊಸ ದಾರಿ ಅಂತ ಅಲ್ಲೂ ರೇಗಿ ವಾಪಸ್ ಬಂದೆ.

ಅವರು ಹೇಳಿದ್ದು ಅಕ್ಷರಶಃ ಸತ್ಯ ಅಂತ ಗೊತ್ತಾಗಿದ್ದು ಆಮೇಲೆ. ವರ್ಷಗಟ್ಟಲೆ ಓಡಿದ ಥ್ರಾಟಲ್ ಬಾಡಿಯೊಳಗೆ ತಟ್ಟೆಯ ಅಂಚಿಗೆ ಮಸಿ ಕಟ್ಟುತ್ತೆ. ಗಾಳಿ ಕಮ್ಮಿಯಾಗುತ್ತೆ. ಐಡಲ್ ನಿಲ್ಲಿಸೋಕೆ ಇಸಿಯು ತಟ್ಟೆಯನ್ನು ಚೂರು ಚೂರೇ ಜಾಸ್ತಿ ತೆಗೆಯೋದನ್ನು ರೂಢಿ ಮಾಡಿಕೊಳ್ಳುತ್ತೆ. ಶುದ್ಧವಾದ ಹೊಸದು ಹಾಕಿದಾಗಲೂ ಹಳೇ ಲೆಕ್ಕದಲ್ಲೇ ತೆಗೆಯುತ್ತೆ. ಕಿವುಡು ತಾತನ ಜೊತೆ ಕೂಗಿ ಕೂಗಿ ಅಭ್ಯಾಸವಾದ ಅಜ್ಜಿ ಮೊಮ್ಮಗನ ಹತ್ರಾನೂ ಕೂಗಿಯೇ ಮಾತಾಡ್ತಾಳಲ್ಲ, ಥೇಟ್ ಹಾಗೆ. ತಾತ ಬದಲಾಗಿದ್ದಾನೆ ಅಂತ ಅಜ್ಜಿಗೆ ಹೇಳಬೇಕು. ಅದೇ ಕಲಿಸೋದು.

ಕಲಿಸಿದೆ. 1800 ಇದ್ದಿದ್ದು 1200ಕ್ಕೆ ಇಳೀತು. ಅಲ್ಲಿಂದ ಕೆಳಗೆ ಇಳಿಯಲೊಲ್ಲದು. ಕೊನೆಗೆ ನಮ್ಮ ಬೀದಿಯ ಗ್ಯಾರೇಜ್ ಭಾಯ್ ಹತ್ರ ಶರಣು. ಅವರು ಬಾನೆಟ್ ತೆಗೆದು ಒಂದು ನಿಮಿಷ ಸುಮ್ಮನೆ ಕಿವಿಗೊಟ್ಟು ನಿಂತರು. "ಸೀಟಿ ಹೊಡೀತಿದೆ, ಕೇಳಿಸ್ತಿಲ್ವಾ?" ಅಂದರು. ಬಿಚ್ಚಿದರೆ ನನ್ನ ಘನಕಾರ್ಯ ಹೊರಗೆ ಬಂತು. ಹಳೇ ಚಪ್ಪಟೆಯಾದ ರಬ್ಬರ್ ರಿಂಗನ್ನೇ ಮತ್ತೆ ಹಾಕಿದ್ದೆ, ಅದೂ ಒಂದು ಕಡೆ ಮಡಚಿಕೊಂಡಿತ್ತು. ಬಾಗಿಲು ಮುಚ್ಚಿದರೇನು ಬಂತು, ಕಿಟಕಿ ತೆರೆದೇ ಇತ್ತು! ಹೊಸ ರಿಂಗು, ಇನ್ನೊಂದು ಸಲ ಪಾಠ. 800 ಆರ್‌ಪಿಎಂಗೆ ಬಂದು ತಣ್ಣಗೆ ನಿಂತಿತು.

ಆಮೇಲೆ ಭಾಯ್ ನನ್ನ ಹಳೇ ಥ್ರಾಟಲ್ ಬಾಡಿ ಎತ್ತಿಕೊಂಡು ಕ್ಲೀನರ್ ಹೊಡೆದು ಒರೆಸಿದರು. ಕರೀ ಎಣ್ಣೆಯಂಥ ಮಸಿ ಇಳೀತು. "ಇದೇನೂ ಕೆಟ್ಟಿರಲಿಲ್ಲ ಸಾರ್, ಕೊಳೆ ಅಷ್ಟೆ" ಅಂದರು. ಐದೂವರೆ ಸಾವಿರದ ಮಾಲು ತಂದು, ಕೆಲವು ನೂರು ರೂಪಾಯಿಯ ಕೆಲಸ ತಪ್ಪಿಸಿಕೊಂಡಿದ್ದೆ. ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ. ನಾನು ಅಂಗಡಿ ಡೊಂಕು ಅಂದಿದ್ದೆ.

ನನ್ನ ತಪ್ಪು ಒಪ್ಪಿಕೊಂಡಾಯ್ತು. ಆದರೆ ಒಂದು ಮಾತು ಕೇಳ್ತೀನಿ. ಶಾಂಪೂ ಬಾಟಲಿ ಮೇಲೆ ಕೂಡ ತಲೆಗೆ ಹೇಗೆ ಹಚ್ಚಬೇಕು ಅಂತ ಬರೆದಿರ್ತಾರೆ. 5,500 ರೂಪಾಯಿಯ ಈ ಪೆಟ್ಟಿಗೆಯಲ್ಲಿ ಹೊಳೆಯೋ ಸ್ಟಿಕ್ಕರ್ ಬಿಟ್ಟರೆ ಒಂದು ಚೀಟಿಯೂ ಇರಲಿಲ್ಲ. ಕಲಿಸೋ ಕ್ರಮ ಇಲ್ಲದ ಥ್ರಾಟಲ್ ಬಾಡಿ ಅರ್ಧ ಮಾಲು ಅನ್ನೋದು ನನ್ನ ವಾದ. ಉಳಿದರ್ಧವನ್ನು ಯಾರೋ ಬೀಗ ಹಾಕಿ ಇಟ್ಟುಕೊಂಡಿದ್ದಾರೆ. ಬೈಗುಳ ಮಾತ್ರ ಅಂಗಡಿಯವನಿಗೆ, ಗ್ಯಾರೇಜಿನವನಿಗೆ.

ಇದು ನನ್ನೊಬ್ಬನ ಗೋಳಲ್ಲ. ಬಿಡಿಭಾಗ, ಪರೀಕ್ಷೆಯ ಉಪಕರಣ, ತಾಂತ್ರಿಕ ಮಾಹಿತಿಯನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದ ಹಾಗೆ ಮಾಡಿದ್ದಾರೆ ಅಂತ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತ್ತು. ಕಂಪನಿಗಳು ಮೇಲ್ಮನವಿಗೆ ಹೋದವು. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ರೈಟ್ ಟು ರಿಪೇರ್ ಅಂತ ವೆಬ್‌ಸೈಟನ್ನೇ ತೆರೆಯಿತು, ಅದರಲ್ಲಿ ವಾಹನಗಳೂ ಸೇರಿವೆ. ಒಳ್ಳೇದೇ. ಆದರೆ ನಮ್ಮ ಭಾಯ್‌ಗೆ ಬೇಕಿರೋದು ಅವರು ಓದಬಲ್ಲ ಭಾಷೆಯಲ್ಲಿ ಅರ್ಧ ಪುಟದ ಚೀಟಿ. ಅದು ಯಾವ ಪೆಟ್ಟಿಗೆಯಲ್ಲೂ ಬರ್ತಿಲ್ಲ.

ಕಳೆದ ಶನಿವಾರ ಜೆ.ಸಿ. ರಸ್ತೆಗೆ ಹೋಗಿ ಆ ಹಿರಿಯರ ಕ್ಷಮೆ ಕೇಳಿದೆ. "ಬಿಡಿ ಸಾರ್, ಹಿಂಗೆ ಬರ್ತಾನೇ ಇರ್ತಾರೆ" ಅಂತ ಟೀ ತರಿಸಿದರು. ಹಾಗಾದ್ರೆ ಮಾಲಿನ ಜೊತೆ ಒಂದು ಚೀಟಿ ಕೊಡಬಾರದಾ ಅಂದೆ. "ನೀವೇ ಬರ್ಕೊಡಿ, ಜೆರಾಕ್ಸ್ ಮಾಡಿ ಪೆಟ್ಟಿಗೇಲಿ ಹಾಕ್ತೀನಿ" ಅಂದುಬಿಟ್ಟರು! ಭಾಯ್ ಹತ್ರ ಕೂತು ಬರೆದೆ. ಇದೇ ಆ ಚೀಟಿ:

1. ಹೊಸದು ಕೊಳ್ಳುವ ಮುಂಚೆ ಹಳೆಯದನ್ನು ಬಿಚ್ಚಿ, ಕ್ಲೀನರ್‌ನಿಂದ ಒರೆಸಿ ನೋಡಿ. ಕೀ ಆನ್ ಇರುವಾಗ ತಟ್ಟೆಗೆ ಬೆರಳು ಹಾಕಬೇಡಿ. ಬಿಸಿ ಇಂಜಿನ್ ಹತ್ತಿರ ಕ್ಲೀನರ್ ಹೊಡೀಬೇಡಿ, ಬೆಂಕಿ ಹತ್ತುತ್ತೆ.

2. ಹಳೆಯದು, ಹೊಸದು ಪಕ್ಕಪಕ್ಕ ಇಟ್ಟು ತೂತಿನ ಅಳತೆ, ಬೋಲ್ಟಿನ ಜಾಗ, ಕನೆಕ್ಟರಿನ ಪಿನ್ನು ಹೋಲಿಸಿ.

3. ರಿಂಗ್ ಅಥವಾ ಗ್ಯಾಸ್ಕೆಟ್ ಹೊಸದೇ ಹಾಕಿ. ಬಿಚ್ಚಿದ ಪೈಪೆಲ್ಲ ವಾಪಸ್ ಕೂತಿದೆಯಾ, ಕನೆಕ್ಟರ್ ಟಕ್ ಅಂತಾ ನೋಡಿ.

4. ಕಲಿಸಿ. ನಮ್ಮ ಕಾರಿಗೆ: ಬ್ಯಾಟರಿ ನೆಗೆಟಿವ್ ತೆಗೆದು ಹತ್ತು ನಿಮಿಷ ಬಿಟ್ಟು ಹಾಕಿ. ಪೆಡಲ್ ಮುಟ್ಟದೆ ಕೀ ಆನ್ ಮಾಡಿ ಅರ್ಧ ನಿಮಿಷ, ಆಫ್. ಆಮೇಲೆ ಸ್ಟಾರ್ಟ್ ಮಾಡಿ, ಎಸಿ, ಲೈಟು ಎಲ್ಲ ಆಫ್ ಇಟ್ಟು, ರೇಡಿಯೇಟರ್ ಫ್ಯಾನು ಎರಡು ಸಲ ತಿರುಗಿ ನಿಲ್ಲುವವರೆಗೆ ಬಿಡಿ. ಕಾರಿಂದ ಕಾರಿಗೆ ಕ್ರಮ ಬೇರೆ, ಕೆಲವಕ್ಕೆ ಸ್ಕ್ಯಾನರ್ ಬೇಕೇ ಬೇಕು.

5. ಆಮೇಲೂ ಸರಿಯಾಗದಿದ್ದರೆ ಕೋಡ್ ಓದಿ. ಪಿ 0507 ಅಂದ್ರೆ ಐಡಲ್ ಜಾಸ್ತಿ ಅಂತ ಅಷ್ಟೆ, ಮೊದಲು ಗಾಳಿ ಸೋರೋದನ್ನು ಹುಡುಕಿ. ಪಿ 2135 ಬಂದ್ರೆ ಎರಡು ಸೆನ್ಸರುಗಳ ಲೆಕ್ಕ ತಾಳೆ ಆಗ್ತಿಲ್ಲ ಅಂತ. ವೈರು, ಕನೆಕ್ಟರ್ ಸರಿಯಿದ್ದೂ ಅದೇ ಬಂದರೆ ಆಗ ಅಂಗಡಿಗೆ ಬಂದು ಜಗಳ ಆಡಿ.

ಐದನೆಯದರ ಕೊನೇ ವಾಕ್ಯ ಓದಿ ಹಿರಿಯರು ನಕ್ಕರು. ತೆಗೀಬೇಡಿ, ಇರಲಿ ಅಂದರು.

ಕವನ, ಪ್ರವಾಸ, ಸಿನಿಮಾ ಎಲ್ಲ ಬರೀತೀವಿ ನಾವು. ಮಿಕ್ಸಿ, ಪಂಪ್‌ಸೆಟ್ಟು, ಯುಪಿಎಸ್ಸು, ನಿಮಗೆ ಕೈಯಾರೆ ಗೊತ್ತಿರೋ ಒಂದು ರಿಪೇರಿಯನ್ನೂ ಕನ್ನಡದಲ್ಲಿ ಬರೆದಿಡಬಾರದಾ? ಏನಂತೀರಿ?